ಗೂಟಕ್ಕೆ ಔಷಧಿ ಕುಡಿಸುವ ಪ್ಲಾಂಟ್: ಮಷಿನ್ ಸೂಪರ್, ಕಳಿಸಿಕೊಟ್ಟ ರೀತಿ ಮಾತ್ರ ಸರಿಯಿಲ್ಲ

ಮೂರು ಮಳೆಗಾಲಕ್ಕೊಮ್ಮೆ ಬೇಲಿ ಗೂಟ ಬದಲಾಯಿಸಿ ಸಾಕಾಗಿತ್ತು. ನಮ್ಮ ಮಲೆನಾಡಿನ ಮಣ್ಣಿನಲ್ಲಿ ನೀಲಗಿರಿ ಗೂಟ ನಿಲ್ಲುವುದಿಲ್ಲ. ಸರಿಯಾಗಿ ನೆಲದ ಮಟ್ಟದಲ್ಲೇ ಒರಲೆ ಹಿಡಿಯುತ್ತದೆ, ಒಂದು ದಿನ ದನ ಬಂದು ಮೈ ಉಜ್ಜಿದರೆ ತಂತಿ ಸಮೇತ ಮಲಗುತ್ತದೆ. ಬುಡ ಸುಟ್ಟು ನೋಡಿದ್ದೆ, ಡಾಂಬರು ಬಳಿದಿದ್ದೆ, ಗ್ಯಾರೇಜಿನಿಂದ ಸುಟ್ಟ ಆಯಿಲ್ ತಂದು ಹಚ್ಚಿದ್ದೆ. ಯಾವುದೂ ಸಿಪ್ಪೆಯಿಂದ ಒಳಗೆ ಹೋಗಲಿಲ್ಲ. ಕಲ್ಲುಕಂಬದ ದರ ಕೇಳಿ ಸುಮ್ನೆ ವಾಪಸ್ ಬಂದೆ. ಕೊನೆಗೆ ಈ ಏಪ್ರಿಲ್‌ನಲ್ಲಿ 120 ಗೂಟ ಲಾರಿಗೆ ಹಾಕಿಕೊಂಡು, ಮರಕ್ಕೆ ಔಷಧಿ ಹಾಕುವ ಒಂದು ಪ್ಲಾಂಟ್‌ಗೆ ಹೋದೆ. ಹೆಸರು ಬರೆಯುವುದಿಲ್ಲ, ಬೈಯುವುದೂ ಇದೆ.

ಮೊದಲು ಮಷಿನ್. ಬಸ್ಸಿನಷ್ಟು ಉದ್ದದ ಕಬ್ಬಿಣದ ಸಿಲಿಂಡರ್ ಅಡ್ಡ ಮಲಗಿದೆ, ಒಂದು ತುದಿಗೆ ದಪ್ಪ ಬಾಗಿಲು. ಗೂಟಗಳನ್ನು ಟ್ರಾಲಿಗೆ ಕಟ್ಟಿ ಹಳಿಯ ಮೇಲೆ ಒಳಗೆ ತಳ್ಳುತ್ತಾರೆ, ಬಾಗಿಲು ಬಿಗಿಯುತ್ತಾರೆ. ಆಮೇಲೆ ಅರ್ಧ ಗಂಟೆ ಪಂಪ್ ಹಾಕಿ ಗಾಳಿ ಎಳೆಯುತ್ತಾರೆ. ಮರದ ಸಣ್ಣ ಸಣ್ಣ ನಾಳಗಳಲ್ಲಿ ಕೂತ ಗಾಳಿ ಹೊರಗೆ ಬಂದರೆ ತಾನೇ ಔಷಧಿಗೆ ಜಾಗ? ಆ ನಿರ್ವಾತ ಬಿಡದೆ ದ್ರಾವಣ ತುಂಬಿಸಿ, ಮೇಲಿಂದ ಚದರ ಸೆಂಟಿಮೀಟರಿಗೆ 10–12 ಕೆಜಿ ಒತ್ತಡ ಕೊಡುತ್ತಾರೆ. ಲಾರಿ ಟೈರಿನಲ್ಲಿ ಇರುವುದೇ 7–8 ಕೆಜಿ, ಲೆಕ್ಕ ಹಾಕಿ. ಮರ ಇನ್ನು ಕುಡಿಯುವುದಿಲ್ಲ ಅನ್ನುವವರೆಗೂ ಒತ್ತಡ ಇಟ್ಟು, ದ್ರಾವಣ ವಾಪಸ್ ಟ್ಯಾಂಕಿಗೆ ತೆಗೆದು, ಮೈಮೇಲಿನದು ಇಳಿಯಲಿ ಎಂದು ಕೊನೆಗೊಮ್ಮೆ ಗಾಳಿ ಎಳೆದು ಬಾಗಿಲು ತೆರೆಯುತ್ತಾರೆ. ಇದು 1838ರಲ್ಲಿ ಇಂಗ್ಲೆಂಡಿನ ಜಾನ್ ಬೆಥೆಲ್ ಪೇಟೆಂಟ್ ಮಾಡಿಸಿದ ವಿಧಾನ. ಆಗ ಮರಕ್ಕೆ ಕ್ರಿಯೋಸೋಟ್ ಎಣ್ಣೆ ಕುಡಿಸುತ್ತಿದ್ದರು. ಇಲ್ಲಿ ಹಾಕಿದ್ದು ಸಿಸಿಎ, ಅಂದರೆ ತಾಮ್ರ, ಕ್ರೋಮ್, ಆರ್ಸೆನಿಕ್. ತಾಮ್ರ ಶಿಲೀಂಧ್ರಕ್ಕೆ, ಆರ್ಸೆನಿಕ್ ಒರಲೆಗೆ, ಇವೆರಡೂ ಮಳೆಗೆ ತೊಳೆದು ಹೋಗದಂತೆ ಮರಕ್ಕೆ ಹಿಡಿದಿಡುವುದು ಕ್ರೋಮ್. ಇದನ್ನು ಕಂಡುಹಿಡಿದದ್ದು ನಮ್ಮವರೇ, ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶಂ, 1933ರಲ್ಲಿ.

ಅಲ್ಲಿನ ಸೂಪರ್‌ವೈಸರ್ ಒಳ್ಳೆ ಮನುಷ್ಯ. 80 ಗೂಟ ನಾನು ಸಂಕ್ರಾಂತಿ ಹೊತ್ತಿಗೇ ಕಡಿದು, ಸಿಪ್ಪೆ ಬಿಡಿಸಿ, ಅಡ್ಡಡ್ಡ ಪೇರಿಸಿ ಒಣಗಿಸಿದ್ದೆ. ಲಾರಿ ಖಾಲಿ ಹೋಗುವುದೇಕೆ ಎಂದು ಹಿಂದಿನ ವಾರವಷ್ಟೇ ಕಡಿದ 40 ಸೇರಿಸಿದ್ದೆ, ಏನೂ ಆಗುವುದಿಲ್ಲ ಅಂದುಕೊಂಡು. ಅವರು ತೇವ ಅಳೆಯುವ ಮೀಟರಿನ ಎರಡು ಮುಳ್ಳು ಚುಚ್ಚಿ ನೋಡಿ, "ಅಣ್ಣಾ, ಇದರಲ್ಲಿ ನೀರೇ ತುಂಬಿದೆ, ಇದಕ್ಕೆ ಹಾಕಿದ್ರೆ ದುಡ್ಡು ದಂಡ" ಅಂದರು. ನಾನು ಹಟ ಮಾಡಿ ಎರಡು ಹಾಕಿಸಿದೆ. ಒಣಗಿದ ಗೂಟ 13 ಕೆಜಿ ಒಳಗೆ ಹೋಗಿ 16 ಆಗಿ ಬಂತು. ಹಸಿಯದು 17 ಹೋಗಿ 17ಕ್ಕೇ ಬಂತು, ತಕ್ಕಡಿ ಮುಳ್ಳು ಅಲ್ಲಾಡಲಿಲ್ಲ. ಇಷ್ಟು ದೊಡ್ಡ ಮಷಿನ್ ಇಟ್ಟುಕೊಂಡು ನೀರು ಕುಡಿದ ಹೊಟ್ಟೆಗೆ ಮತ್ತೆ ಕುಡಿಸಲು ಆಗುವುದಿಲ್ಲ, ಅಷ್ಟೇ ಕಥೆ.

ಒಂದು ಗೂಟ ನಡುವೆ ಕೊಯ್ದು ತೋರಿಸಿ ಎಂದೆ, ಬೇಸರ ಮಾಡದೆ ಕೊಯ್ದರು. ಸುತ್ತಲಿನ ಬಿಳಿ ಭಾಗ ಪೂರ್ತಿ ಹಸಿರು, ಒಳಗಿನ ಚೇಗು ಹಾಗೇ ಉಳಿದಿತ್ತು. ಚೇಗಿನೊಳಗೆ ಔಷಧಿ ಇಳಿಯುವುದಿಲ್ಲವಂತೆ. ಅದಕ್ಕೇ ಸೀಳಿದ ಗೂಟಕ್ಕಿಂತ ದುಂಡನೆಯದು ವಾಸಿ, ಸುತ್ತಲೂ ಹಸಿರು ಕೋಟೆ ಇರುತ್ತದೆ. ಅಳತೆಗೆ ಕೊಯ್ಯುವುದು, ತೂತು ಕೊರೆಯುವುದು ಎಲ್ಲ ಮೊದಲೇ ಮುಗಿಸಿಕೊಂಡು ಹೋಗಿ.

ಈಗ ಬೈಗುಳ. ಸಿಸಿಎ ಮರಕ್ಕೆ ಹಿಡಿಯಲು ಎರಡು ಮೂರು ವಾರ ನೆರಳಿನಲ್ಲಿ ಇಡಬೇಕು. ಸಿಲಿಂಡರ್ ಮುಂದೆ ಸಿಮೆಂಟಿನ ನೆಲ ಇದೆ, ತೊಟ್ಟಿಕ್ಕಿದ್ದು ಚರಂಡಿಯಲ್ಲಿ ವಾಪಸ್ ಟ್ಯಾಂಕಿಗೇ ಹೋಗುತ್ತದೆ, ಅಲ್ಲಿವರೆಗೆ ಸರಿ. ಆದರೆ ಮಾರನೇ ಬೆಳಿಗ್ಗೆಯೇ "ಜಾಗ ಇಲ್ಲ, ತಗೊಂಡು ಹೋಗಿ" ಅಂತ ಆಫೀಸಿನವರು ಲೋಡ್ ಮಾಡಿಸಿದರು. ಹುಡುಗರ ಕೈಯಲ್ಲಿ ಗ್ಲೌಸ್ ಇಲ್ಲ. ಲಾರಿ ತಳ ಎಲ್ಲ ಹಸಿರು ನೀರು. ಡ್ರೈವರ್ ಮರುದಿನ ಅದರಲ್ಲೇ ಹಿಂಡಿ ಮೂಟೆ ತರುವವನಿದ್ದ, ನಾನೇ ತಳ ತೊಳೆಸಿ ಕಳಿಸಿದೆ, ಆ ನೀರು ಎಲ್ಲಿ ಹೋಯಿತು ಎಂದು ಈಗ ಯೋಚಿಸಿದರೆ ನನ್ನ ಮೇಲೂ ಸಿಟ್ಟು ಬರುತ್ತದೆ.

ಇದಕ್ಕಿಂತ ದೊಡ್ಡದು ಇನ್ನೊಂದು. ಬಿಲ್ಲಿನಲ್ಲಿ ಬರೆದದ್ದು "ಟ್ರೀಟ್ಮೆಂಟ್" ಅಷ್ಟೇ. ಯಾವ ಔಷಧಿ ಎಂದಿಲ್ಲ, ಸುಡಬೇಡಿ ಎಂಬ ಒಂದು ಸಾಲೂ ಇಲ್ಲ. ಕೊಯ್ದು ತೋರಿಸಿದ ಗೂಟದ ತುಂಡುಗಳನ್ನು ನಾನು ಮನೆಗೆ ತಂದಿದ್ದೆ. ಅಮ್ಮ ಅವನ್ನು ಬಚ್ಚಲ ಒಲೆಗೆ ತುರುಕಲು ಹೊರಟಿದ್ದರು! ಆರ್ಸೆನಿಕ್ ಇರುವ ಮರ ಸುಟ್ಟರೆ ಹೊಗೆಯೂ ವಿಷ, ಬೂದಿಯೂ ವಿಷ. ಅದೇ ಬೂದಿಯನ್ನು ನಾವು ಬಸಳೆ ಬುಡಕ್ಕೆ ಹಾಕುವವರು. ಅಮೆರಿಕದಲ್ಲಿ 2003ರ ಕೊನೆಗೆ ಮನೆ ಬಳಕೆಯ ಮರಕ್ಕೆ ಸಿಸಿಎ ಹಾಕುವುದನ್ನು ತಯಾರಕರೇ ನಿಲ್ಲಿಸಿದ್ದಾರೆ. ಬೇಲಿಗೆ ಇರಲಿ, ಕೊಟ್ಟಿಗೆಯ ಗೋದಲಿಗೆ, ಮಕ್ಕಳ ಉಯ್ಯಾಲೆಗೆ ಬೇಡವೇ ಬೇಡ. ಮಳೆ ಬೀಳದ ಒಳಗಿನ ಮರಕ್ಕಾದರೆ ಬೋರಾಕ್ಸ್–ಬೋರಿಕ್ ಆಸಿಡ್ ಸಾಕು, ಬಾಯಿಬಿಟ್ಟು ಕೇಳಬೇಕು.

ದರ ಘನ ಅಡಿ ಲೆಕ್ಕ. ನನಗೆ ಔಷಧಿಗಿಂತ ಲಾರಿ ಬಾಡಿಗೆಯೇ ಜಾಸ್ತಿ ಬಿತ್ತು, ಪಕ್ಕದ ತೋಟದವರನ್ನೂ ಸೇರಿಸಿಕೊಂಡು ಹೋದರೆ ಗಿಟ್ಟುತ್ತದೆ. ಹೋಗುವ ಮುಂಚೆ ಫೋನ್ ಮಾಡಿ, ಸಿಲಿಂಡರ್ ತುಂಬುವಷ್ಟು ಮರ ಸೇರದಿದ್ದರೆ ಅವತ್ತು ಹಾಕುವುದಿಲ್ಲ. ವಾಪಸ್ ತಂದ ಹಸಿ ಗೂಟ 38 ಈಗ ಕೊಟ್ಟಿಗೆ ಮಾಡಿನ ಕೆಳಗೆ ಒಣಗುತ್ತಿವೆ. ದೀಪಾವಳಿ ಕಳೆದ ಮೇಲೆ ಅಲ್ಲಿಗೇ ಒಯ್ಯುತ್ತೇನೆ, ಎರಡು ವಾರ ಅಲ್ಲೇ ಇಟ್ಟುಕೊಳ್ಳುತ್ತೇವೆ ಎಂದು ಬರೆದುಕೊಟ್ಟರೆ ಮಾತ್ರ.