ಇಬರ್ಡ್‌ನ ಅಪರೂಪದ ಹಕ್ಕಿಗಳ ಸೂಚನೆ: ಬಳಸಿ ನೋಡಿದವನ ಅನಿಸಿಕೆ

ಹಕ್ಕಿ ನೋಡುವವರು ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇಬರ್ಡ್; ಅಮೆರಿಕದ ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯದ ಇದು 2002ರಿಂದಲೂ ಇದೆ. ಅದರಲ್ಲಿ ನನಗೆ ಅತಿ ಪ್ರಿಯವಾದದ್ದು ಅಪರೂಪದ ಹಕ್ಕಿಗಳ ಸೂಚನೆ. ಪ್ರದೇಶವನ್ನು ಆರಿಸಿಕೊಂಡರೆ ಅಲ್ಲಿ ಇತರರಿಗೆ ಕಂಡ ಅಪರೂಪದ ಹಕ್ಕಿಗಳ ಬಗ್ಗೆ ದಿನಕ್ಕೊಮ್ಮೆ ಅಥವಾ ಗಂಟೆಗೊಮ್ಮೆ ಇಮೇಲ್ ಬರುತ್ತದೆ. ದಿನಕ್ಕೊಮ್ಮೆ ಸಾಕು, ಗಂಟೆಗೊಮ್ಮೆ ಬಂದರೆ ಹೊಟ್ಟೆಪಾಡಿನ ಕೆಲಸ ಕೆಟ್ಟಂತೆಯೇ.

ಇದರ ಬೆಲೆ ತಿಳಿಯುವುದು ಉತ್ತರ ಗೋಳಾರ್ಧದ ಬೇಸಿಗೆ ಮುಗಿಯುತ್ತಾ ಬರುವ ಜುಲೈ, ಆಗಸ್ಟ್‌ನಲ್ಲಿ. ಕಾಡಿನ ಹಕ್ಕಿಗಳು ಹಾಡು ನಿಲ್ಲಿಸಿ, ಗರಿ ಉದುರಿಸುತ್ತಾ ಅಡಗಿರುತ್ತವೆ. ಸಪ್ಪೆ ಕಾಲವೆಂದು ಹಲವರು ದುರ್ಬೀನನ್ನು ಒಳಗಿಡುತ್ತಾರೆ. ಅದೇ ಹೊತ್ತಿಗೆ ಕೆಸರಿನ ಅಂಚಿಗೆ ಗದ್ದೆಗೊರವಗಳು ಉತ್ತರದಿಂದ ಮರಳತೊಡಗುತ್ತವೆ: ಮೊದಲು ಗರಿ ಸವೆದು ಬಣ್ಣ ಮಾಸಿದ ದೊಡ್ಡವು, ವಾರಗಳ ನಂತರ ಹೊಸ ಗರಿಯ ಮರಿಗಳು. ಗೂಡು ಬಿಟ್ಟ ಬೆಳ್ಳಕ್ಕಿ ಮರಿಗಳಂತೂ ದಕ್ಷಿಣದ ಗೊಡವೆಯಿಲ್ಲದೆ ಉತ್ತರಕ್ಕೂ ಅಲೆದುಬಿಡುತ್ತವೆ. ದಾರಿ ತಪ್ಪಿದ ಅತಿಥಿ ಸಿಗುವುದು ಇಂಥ ಗುಂಪುಗಳಲ್ಲೇ.

ದೃಢಪಟ್ಟ ಮತ್ತು ಇನ್ನೂ ದೃಢಪಡದ ವರದಿಗಳಿಗೆ ಬೇರೆ ಬೇರೆ ಗುರುತಿರುವುದು ಒಳ್ಳೆಯದು. ಪರಿಶೀಲಿಸುವವರು ಸ್ವಯಂಸೇವಕರು, ತಡವಾಗಬಹುದು. ಅಲ್ಲಿಯವರೆಗೆ ಹಕ್ಕಿ ಕಂಡವರು ಬರೆದ ಟಿಪ್ಪಣಿಯೇ ಗತಿ. ಕಾಲಿನ ಬಣ್ಣ, ಕೊಕ್ಕಿನ ಉದ್ದ ಬರೆದವರನ್ನು ನಂಬುತ್ತೇನೆ. 'ಚೆನ್ನಾಗಿ ಕಂಡಿತು' ಎಂದಷ್ಟೇ ಬರೆದವರನ್ನು ನಂಬಿ ಹೊರಡುವುದಿಲ್ಲ. ಸವೆದ ಗರಿಯ ಹಕ್ಕಿ ಎಂಥವರನ್ನೂ ಯಾಮಾರಿಸುತ್ತದೆ. ಬೇಟೆ, ಕಳ್ಳಸಾಗಣೆಯ ಭಯವಿರುವ ಕೆಲವು ಹಕ್ಕಿಗಳ ನಿಖರ ಜಾಗವನ್ನು ಇಬರ್ಡ್ ಮುಚ್ಚಿಡುತ್ತದೆ. ಅದಕ್ಕೆ ಗೊಣಗುವವರ ಪರ ನಾನಿಲ್ಲ.

ನಾವಿನ್ನೂ ನೋಡದ ಹಕ್ಕಿಗಳಿಗೆಂದೇ ಇನ್ನೊಂದು ಸೂಚನೆಯಿದೆ. ಹೊಸಬರು ಅದನ್ನು ಸದ್ಯಕ್ಕೆ ಮುಟ್ಟದಿರುವುದು ವಾಸಿ: ಎಲ್ಲವೂ ನೋಡದವೇ ಆದ್ದರಿಂದ ಅಂಚೆಪೆಟ್ಟಿಗೆ ತುಂಬಿ ತುಳುಕುತ್ತದೆ.