ಆರ್‌ಎಕ್ಸ್ 100ರ ಹ್ಯಾಂಡ್ಲಿಂಗ್: ಬಾಲ್ ರೇಸೋ ಟೇಪರ್ ರೋಲರೋ, ದಪ್ಪ ಆಯಿಲೋ ಹೊಸ ಸ್ಪ್ರಿಂಗೋ?

ಯಮಹಾ ಆರ್‌ಎಕ್ಸ್ 100ರ ತಯಾರಿಕೆ 1996ರಲ್ಲಿ ನಿಂತಿತು. ಆದ್ದರಿಂದ ಇಂದು ಉಡುಪಿ, ಮಂಗಳೂರಿನ ರಸ್ತೆಗಳಲ್ಲಿ ಕಾಣುವ ಯಾವ ಆರ್‌ಎಕ್ಸ್ ಆದರೂ ಕಾಲು ಶತಮಾನಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡದ್ದೇ. ಇಂತಹ ಬೈಕನ್ನು ಕೊಂಡವರು ಸಾಮಾನ್ಯವಾಗಿ ಮೊದಲು ಸೈಲೆನ್ಸರಿಗೂ ಕಾರ್ಬ್ಯುರೇಟರಿಗೂ ಹಣ ಸುರಿಯುತ್ತಾರೆ. ನೂರು ಕಿಲೋ ಆಸುಪಾಸಿನ ಈ ಹಗುರ ಗಾಡಿ ತಿರುವಿನಲ್ಲಿ ಹೇಳಿದ ಮಾತು ಕೇಳಬೇಕಾದರೆ ಖರ್ಚು ಮುಂಭಾಗದಿಂದ ಆರಂಭವಾಗಬೇಕೆಂಬುದು ನನ್ನ ಅಭಿಪ್ರಾಯ. ಒಂದು ಸಲಕ್ಕೆ ಒಂದೇ ಭಾಗವನ್ನು ಬದಲಿಸಿ, ಟೈರಿನ ಗಾಳಿಯ ಒತ್ತಡವನ್ನು ಒಂದೇ ಮಟ್ಟದಲ್ಲಿಟ್ಟು, ಎರಡು ಬಗೆಯ ರಸ್ತೆಗಳಲ್ಲಿ ಓಡಿಸಿ ನೋಡಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಆ ರಸ್ತೆಗಳೆಂದರೆ, ಸಾಲು ಸಾಲು ಜಾಯಿಂಟುಗಳಿರುವ ಮಂಗಳೂರು ನಗರದ ಕಾಂಕ್ರೀಟ್ ರಸ್ತೆ ಮತ್ತು ಸೋಮೇಶ್ವರದಿಂದ ಆಗುಂಬೆಗೆ ಏರುವ ಘಾಟಿ.

ಮೊದಲು ಹ್ಯಾಂಡಲಿನ ಕೋನ್ ಸೆಟ್, ಅಂದರೆ ಹ್ಯಾಂಡಲ್ ಸಲೀಸಾಗಿ ತಿರುಗುವಂತೆ ಮಾಡುವ ಬೇರಿಂಗುಗಳು. ಬಾಲ್ ರೇಸ್ ಎನ್ನುವ ಮೂಲ ವ್ಯವಸ್ಥೆಯಲ್ಲಿ ಬಟ್ಟಲಿಗೂ ಕೋನಿಗೂ ನಡುವೆ ಉಕ್ಕಿನ ಗುಂಡುಗಳಿರುತ್ತವೆ. ಪ್ರತಿ ಗುಂಡು ಬಟ್ಟಲನ್ನು ಒಂದು ಚುಕ್ಕೆಯಷ್ಟು ಜಾಗದಲ್ಲಿ ಮಾತ್ರ ಮುಟ್ಟುವುದರಿಂದ, ಹ್ಯಾಂಡಲ್ ನೇರವಾಗಿರುವಾಗ ಬೀಳುವ ಹೊಡೆತಗಳೆಲ್ಲ ಅದೇ ಚುಕ್ಕೆಗಳ ಮೇಲೆ ಬಿದ್ದು ಕ್ರಮೇಣ ಸಣ್ಣ ಕುಳಿಗಳಾಗುತ್ತವೆ. ಆಮೇಲೆ ಹ್ಯಾಂಡಲ್ ಮಧ್ಯಕ್ಕೆ ಬಂದಾಗಲೆಲ್ಲ ಕಚ್ಚಿದಂತಾಗಿ, ನಿಧಾನವಾಗಿ ಹೋಗುವಾಗ ಗಾಡಿ ಅತ್ತಿತ್ತ ಓಲಾಡತೊಡಗುತ್ತದೆ. ಗುಂಡುಗಳ ಬದಲು ಒಂದು ತುದಿ ಕಿರಿದಾದ ಉರುಳೆಗಳಿರುವ ಟೇಪರ್ ರೋಲರಿನಲ್ಲಿ ಭಾರವು ರೋಲರಿನ ಉದ್ದಕ್ಕೂ ಹಂಚಿಹೋಗುವುದರಿಂದ ಕುಳಿ ಬೀಳುವುದು ಬಹಳ ಕಡಿಮೆ.

ಹೊಸದಾಗಿ ಹಾಕಿದ ಬಾಲ್ ರೇಸಿಗೂ ಹೊಸ ಟೇಪರಿಗೂ ನಗರದೊಳಗೆ ನನಗೆ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಬ್ರೇಕ್ ಹಿಡಿದುಕೊಂಡೇ ಇಳಿಯುವಾಗ ಮಾತ್ರ ಟೇಪರ್ ಹಾಕಿದ ಮುಂಭಾಗ ಹೆಚ್ಚು ಬಿಗಿಯಾಗಿ, ಸದ್ದಿಲ್ಲದೆ ನಿಂತಿತು. ಒಂದು ಮಳೆಗಾಲ ಕಳೆದ ಮೇಲೆ ಅಂತರ ಇನ್ನಷ್ಟು ಸ್ಪಷ್ಟವಾಯಿತು: ಬಾಲ್ ರೇಸಿಗೆ ಮತ್ತೆ ಬಿಗಿತ ಕೊಡಬೇಕಾಯಿತು, ಟೇಪರಿಗೆ ಬೇಕಾಗಲಿಲ್ಲ.

ಆದರೆ ಟೇಪರ್ ಕೂರಿಸುವವರ ಕೈ ಪಳಗಿರಬೇಕು. ಅದರ ಎತ್ತರ ಮೂಲ ಸೆಟ್ಟಿನ ಎತ್ತರಕ್ಕೆ ಸರಿಹೊಂದದಿದ್ದರೆ ವಾಷರ್ ಕೊಟ್ಟು ಸರಿಪಡಿಸಬೇಕಾಗುತ್ತದೆ. ಹೆಚ್ಚು ಬಿಗಿದರೆ ಹೊಸ ಬೇರಿಂಗಿನಲ್ಲೂ ಅದೇ ಓಲಾಟ ಬರುತ್ತದೆ. ಮುಂಚಕ್ರವನ್ನು ನೆಲದಿಂದ ಎತ್ತಿ ಹಿಡಿದು ಹ್ಯಾಂಡಲನ್ನು ಮೆಲ್ಲಗೆ ತಟ್ಟಿದರೆ ಅದು ತನ್ನ ಭಾರಕ್ಕೇ ಎರಡೂ ಕಡೆಗೆ ವಾಲಬೇಕು. ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಕೆಳತುದಿಯನ್ನು ಹಿಂದೆ ಮುಂದೆ ಎಳೆದರೆ ಕಟಕಟ ಎನ್ನಬಾರದು. ಗ್ರೀಸ್ ವಿಷಯದಲ್ಲಿ ನಮ್ಮ ಕರಾವಳಿಯವರು ಜಿಪುಣತನ ಮಾಡಬಾರದು. ಮಳೆ ನೀರೂ ಉಪ್ಪುಗಾಳಿಯೂ ಕೂಡಿ ಒಣಗಿದ ಬೇರಿಂಗಿಗೆ ಬೇಗ ತುಕ್ಕು ಹಿಡಿಸುತ್ತವೆ. ನೀರಿಗೆ ಕರಗದ, ದೋಣಿಗಳಿಗೆ ಬಳಸುವಂತಹ ಗ್ರೀಸ್ ಇಲ್ಲಿ ಹೆಚ್ಚು ಯೋಗ್ಯ.

ಎರಡನೆಯದು ಮುಂದಿನ ಫೋರ್ಕ್, ಅಂದರೆ ಒಳಗೆ ಸ್ಪ್ರಿಂಗೂ ಆಯಿಲೂ ಇದ್ದು ಮುಂಚಕ್ರದ ಹೊಡೆತಗಳನ್ನು ತಡೆಯುವ ಎರಡು ಕಾಲುಗಳು. ಬ್ರೇಕ್ ಹಿಡಿದಾಗ ಮೂತಿ ಕುಸಿಯುತ್ತದೆ ಎಂದರೆ ಬಹುತೇಕ ಗ್ಯಾರೇಜುಗಳಲ್ಲಿ ಸಿಗುವ ಉತ್ತರ ದಪ್ಪ ಆಯಿಲ್. ಖರ್ಚು ಕಡಿಮೆ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಇಂತಹ ಹಳೆಯ ಸರಳ ಫೋರ್ಕಿನಲ್ಲಿ ಆಯಿಲ್ ಸಣ್ಣ ರಂಧ್ರಗಳ ಮೂಲಕವೇ ಹರಿಯಬೇಕು. ಫೋರ್ಕ್ ವೇಗವಾಗಿ ಒಳಸರಿದಷ್ಟೂ ಆ ರಂಧ್ರಗಳ ತಡೆ ವಿಪರೀತ ಏರುತ್ತದೆ. ನಿಧಾನವಾಗಿ ಒಳಸರಿಯುವಾಗ ತಡೆ ಅಷ್ಟೇನೂ ಇರುವುದಿಲ್ಲ. ಹೀಗಾಗಿ 20 ಗ್ರೇಡಿನ ದಪ್ಪ ಆಯಿಲ್ ಹಾಕಿದಾಗ ಕಾಂಕ್ರೀಟಿನ ಪ್ರತಿ ಜಾಯಿಂಟೂ ಅಂಗೈಗೆ ಹೊಡೆಯಿತು, ಘಾಟಿಯಲ್ಲಿ ಮೂತಿ ಕುಸಿಯುವುದು ಸ್ವಲ್ಪ ತಡವಾಯಿತೇ ಹೊರತು ತಪ್ಪಲಿಲ್ಲ. ಬ್ರೇಕಿನ ಭಾರವನ್ನು ಕೊನೆಗೆ ಹೊರುವುದು ಸ್ಪ್ರಿಂಗ್. ದಶಕಗಳ ಬಳಕೆಯಲ್ಲಿ ಕುಗ್ಗಿಹೋದ ಸ್ಪ್ರಿಂಗಿನ ಕೆಲಸವನ್ನು ಆಯಿಲ್ ಮಾಡಲಾರದು.

ಹೊಸ ಸ್ಪ್ರಿಂಗ್ ಹಾಕಿ 10 ಗ್ರೇಡಿನ ತೆಳು ಆಯಿಲಿಗೆ ಮರಳಿದಾಗ ಎರಡೂ ತೊಂದರೆಗಳು ಒಟ್ಟಿಗೆ ತಗ್ಗಿದವು. ಸ್ಪ್ರಿಂಗಿನ ಮೇಲೆ ಪಿವಿಸಿ ಪೈಪಿನ ತುಂಡು ಇಡುವ ಮೂರನೆಯ ದಾರಿಯೂ ಇದೆ. ಅದರಿಂದ ಗಾಡಿಯ ಮುಂಭಾಗ ಎತ್ತರವಾಗುತ್ತದೆಯೇ ವಿನಾ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ; ಹೊಸ ಸ್ಪ್ರಿಂಗ್ ಸಿಗುವವರೆಗಿನ ತಾತ್ಕಾಲಿಕ ಉಪಾಯವೆಂದು ಒಪ್ಪಬಹುದು. ಫೋರ್ಕಿನ ಎರಡೂ ಕಾಲುಗಳಲ್ಲಿ ಆಯಿಲ್ ಮಟ್ಟ ಸಮನಾಗಿರುವುದನ್ನು ಅಳೆದು ನೋಡುವುದು ಇವೆಲ್ಲಕ್ಕಿಂತ ಮುಖ್ಯ, ಮತ್ತು ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದೂ ಅದೇ.

ಟೈರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಂಚಕ್ರಕ್ಕೆ ಮೂಲ ಅಳತೆಯಾದ 2.75-18ರ ಜಾಗದಲ್ಲಿ ತುಸು ಅಗಲದ 3.00-18 ಹಾಕಿದರೆ ನೋಟಕ್ಕೆ ಚೆನ್ನ, ಹಿಂದೆ ಆಳು ಕೂರಿಸಿಕೊಂಡು ಓಡಾಡುವವರಿಗೆ ಭಾರ ಹೊರುವ ಶಕ್ತಿಯೂ ಹೆಚ್ಚುತ್ತದೆ. ಆದರೆ ಗಾಡಿ ವಾಲುವುದು ತುಸು ನಿಧಾನವಾಗಿ, ಒಂದು ತಿರುವಿನಿಂದ ಮತ್ತೊಂದಕ್ಕೆ ಹೊರಳಿಸುವಾಗ ಆರ್‌ಎಕ್ಸಿನ ಸಹಜ ಚುರುಕು ಮಂಕಾಗುತ್ತದೆ. ಹೆಚ್ಚಾಗಿ ಒಬ್ಬರೇ ಓಡಿಸುವವರಾದರೆ ಮೂಲ ಅಳತೆಯನ್ನೇ ಇಟ್ಟುಕೊಂಡು, ಉಳಿದ ಹಣವನ್ನು ಹಿಂಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಬುಷ್ ಬದಲಿಸಲು ಬಳಸಬಹುದು.