ಎಂಟಡಿ ಪಡಸಾಲೆಗೆ ಯಾವ ಸ್ಪೀಕರು?

ಅಂಗಡಿಯಲ್ಲಿ ಸ್ಪೀಕರ್ ತೋರಿಸುವವರು ಮೊದಲು ಹಾಕುವುದು ಸಿನಿಮಾದ ಗುಡುಗು, ಇಲ್ಲವೇ ಎದೆ ನಡುಗಿಸುವ ಡ್ಯಾನ್ಸ್ ಹಾಡು. ಧಾರವಾಡದ ನಮ್ಮಂಥ ಮನೆಗಳಲ್ಲಿ ಆಮೇಲೆ ವರ್ಷಾನುಗಟ್ಟಲೆ ನುಡಿಯುವುದು ಮಾತ್ರ ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು. ಅದರಲ್ಲೂ ಹಳೆಯ ಮೊನೊ (ಎರಡೂ ಸ್ಪೀಕರಿಗೆ ಒಂದೇ ದನಿ ಹೋಗುವ) ಮುದ್ರಣಗಳೇ ಹೆಚ್ಚು: ಒಂದು ಕಂಠ, ತಂಬೂರಿ, ತಬಲಾ, ಹಾರ್ಮೋನಿಯಂ, ಹಿಂದೆ ಒಂದಿಷ್ಟು ಟೇಪಿನ ಸುಯ್ಯೆನ್ನುವ ಸದ್ದು. ಹಾಗಾಗಿ ಗೆಳೆಯರಿಂದ ಇಸಕೊಂಡೂ ಅಂಗಡಿಯಿಂದ ತಂದೂ ನಾಲ್ಕು ಬಗೆಯ ಸ್ಪೀಕರುಗಳನ್ನು ಇದೇ ಸಂಗೀತದಿಂದ, ಇದೇ ಪಡಸಾಲೆಯಲ್ಲಿ ಓರೆಗೆ ಹಚ್ಚಿದೆ. ಕಂಪನಿಗಳ ಹೆಸರು ಹೇಳುವುದಿಲ್ಲ. ಬಗೆ ಸರಿಯಾಗಿ ಆಯ್ದರೆ ಅದರೊಳಗೆ ಈ ಕಂಪನಿ ಆ ಕಂಪನಿ ಎಂಬ ಅಂತರ ಸಣ್ಣದು ಅಂತ ನನ್ನ ಲೆಕ್ಕ.

ಮೊದಲನೆಯದು ಸೌಂಡ್‌ಬಾರ್, ಟಿವಿಯ ಕೆಳಗೆ ಇಡುವ ಉದ್ದನೆಯ ಪೆಟ್ಟಿಗೆ. ಸುದ್ದಿಗೆ ಚಲೋ. ದ್ರುತ್ ತಾನು, ಅಂದರೆ ಸ್ವರಗಳ ವೇಗದ ಓಟ, ಬಂತೆಂದರೆ ಸ್ವರಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು ಸ್ಟುಡಿಯೊ ಮಾನಿಟರ್. ಐದಿಂಚಿನ ವೂಫರ್ (ತಳದ ದನಿ ಹೊರಡಿಸುವ ಭಾಗ), ಆಂಪ್ಲಿಫೈಯರ್ ಪೆಟ್ಟಿಗೆಯೊಳಗೇ. ಹುಬ್ಬಳ್ಳಿ ವಿದ್ಯಾನಗರದಲ್ಲಿ ರೆಕಾರ್ಡಿಂಗ್ ಮಾಡುವ ಗೆಳೆಯ ಕೊಟ್ಟಿದ್ದ. ಇದಕ್ಕೆ ಮುಲಾಜು ಅನ್ನುವುದೇ ಇಲ್ಲ. ಮನಸೂರರು ಎರಡು ಸ್ವರಗಳ ನಡುವೆ ಉಸಿರು ಎಲ್ಲಿ ತೆಗೆದುಕೊಂಡರು, ತಬಲಾದ ಕಿನಾರಿಗೆ ಬೆರಳು ಎಷ್ಟು ಬಿಗಿಯಾಗಿ ಬಿತ್ತು, ಎಲ್ಲ ಕಾಣುತ್ತದೆ. ಆದರೆ ಟೇಪಿನ ಸದ್ದೂ ಗಾಯಕನ ಪಕ್ಕಕ್ಕೇ ಬಂದು ಕೂಡುತ್ತದೆ. ಆಲಾಪದ ನಡುವೆ ಎಲ್ಲ ತಣ್ಣಗಾದಾಗ ಟ್ವೀಟರಿನದೇ (ಮೇಲಿನ ಸಣ್ಣ ದನಿ ಹೊರಡಿಸುವ ಭಾಗ) ಒಂದು ಸಣ್ಣ ಹಿಸ್ ಬೇರೆ. ಮೇಜಿನ ಮುಂದೆ ಒಂದು ಮೀಟರ್ ದೂರದಲ್ಲಿ ಕೂತು ತಪ್ಪು ಹುಡುಕುವವರಿಗೆ ಮಾಡಿದ ಸಾಮಾನು ಅದು. ಎರಡು ಪೆಟ್ಟಿಗೆಗೂ ಬೆನ್ನ ಹಿಂದೆ ಬೇರೆ ಬೇರೆ ವಾಲ್ಯೂಮ್ ಗುಂಡಿ, ರಿಮೋಟ್ ಇಲ್ಲ. ಮನೆಯಲ್ಲಿ ಫೋನ್ ಬಂದಾಗ ಅದನ್ನು ಕಡಿಮೆ ಮಾಡಲು ಓಡುವವರು ಯಾರು ಅಂತ ಜಗಳವೂ ಆಯಿತು.

ನೆಲದ ಮೇಲೆ ನಿಲ್ಲುವ ಎತ್ತರದ ಟವರ್ ಸ್ಪೀಕರುಗಳ ಮೇಲೆ ನನಗೆ ಬಹಳ ಆಸೆ ಇತ್ತು. ನೋಡಲಿಕ್ಕೂ ಗತ್ತು. ಹಾಕಿದ ಮೊದಲ ವಿಲಂಬಿತ ಖ್ಯಾಲಿಗೇ ಪಕ್ಕದ ಮನೆಯ ಕಾಕಾ, ಹಿಂದೆ ತಬಲಾ ನುಡಿಸುತ್ತಿದ್ದವರು, ಒಳಗೆ ಬಂದರು. "ಏನೋ ತಮ್ಮಾ, ಡಗ್ಗಾದಾಗ ಯಾರರೆ ಕುಂತು ಗುದ್ದಲಿಕತ್ತಾರೇನು?"

ಡಗ್ಗಾ ಅಂದರೆ ತಬಲಾ ಜೋಡಿಯಲ್ಲಿ ದಪ್ಪ ದನಿಯದು. ಆ ಗುದ್ದು ಸ್ಪೀಕರಿನ ದೋಷ ಅಲ್ಲ, ಗೋಡೆಯದು. ನಮ್ಮ ಪಡಸಾಲೆ ಎಂಟಡಿ ಅಗಲ, ಅಂದರೆ 2.44 ಮೀಟರ್. ಎದುರುಬದುರು ಗೋಡೆಗಳ ನಡುವೆ ಶಬ್ದದ ಅಲೆಯ ಅರ್ಧ ಸರಿಯಾಗಿ ಹಿಡಿಸಿತೆಂದರೆ ಆ ದನಿಗೆ ಕೋಣೆಯೇ ದನಿಗೂಡಿಸುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್; ಅದನ್ನು ಅಗಲದ ಎರಡರಷ್ಟರಿಂದ ಭಾಗಿಸಿ ನೋಡಿದರೆ ನಮ್ಮ ಕೋಣೆ ಮೊಳಗುವುದು 70 ಹರ್ಟ್ಸ್ (ಸೆಕೆಂಡಿಗೆ 70 ಕಂಪನ) ಹತ್ತಿರ. ಈಗ ಸಂಗೀತದ ಕಡೆ ಬನ್ನಿ. ಕರಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕರಿ ಮಣೆಯ ಶ್ರುತಿ) ಹಾಡುವ ಗಾಯಕನ ಷಡ್ಜ ಸುಮಾರು 138 ಹರ್ಟ್ಸ್, ತಂಬೂರಿಯ ಖರ್ಜದ, ಅಂದರೆ ಅತಿ ತಗ್ಗಿನ ದನಿಯ, ತಂತಿ ಅದರ ಅರ್ಧ, 69. ಡಗ್ಗಾದ ಗುಮುಕು ಅಲ್ಲಿಂದ ಸ್ವಲ್ಪ ಮೇಲೆ ಜಾರಾಡುತ್ತಿರುತ್ತದೆ. ಟವರಿನ ದೊಡ್ಡ ಪೆಟ್ಟಿಗೆ ಈ ತಳದ ದನಿಗಳನ್ನು ತುಂಬು ಬಲದಿಂದ ಕೊಟ್ಟಾಗ ಕೋಣೆ ಅದನ್ನು ಇನ್ನೂ ಎತ್ತಿ, ಕಂಠದ ಮೇಲೆ ಕವುಚಿ ಹಾಕುತ್ತದೆ. ಗೋಡೆಯಿಂದ ಮೂರಡಿ ಮುಂದೆ ತಂದರೆ ತುಸು ಸರಿಹೋಗುತ್ತದೆ ಅಂತಾರೆ. ಎಂಟಡಿಯಲ್ಲಿ ಮೂರಡಿ ಸ್ಪೀಕರಿಗೇ ಬಿಟ್ಟರೆ ಮಂದಿ ಎಲ್ಲಿ ಕೂಡಬೇಕು? ಹದಿನೈದು–ಇಪ್ಪತ್ತಡಿಯ ಹಾಲ್ ಇರುವ ಹೊಸ ಮನೆಯವರು ಖಂಡಿತ ಟವರ್ ಕೇಳಿ ನೋಡಲಿ.

ಕೊನೆಗೆ ಉಳಿಸಿಕೊಂಡದ್ದು ಬುಕ್‌ಶೆಲ್ಫ್ ಎನ್ನುವ ಸಣ್ಣ ಪೆಟ್ಟಿಗೆಗಳ ಜೋಡಿ: ಆರೂವರೆ ಇಂಚಿನ ವೂಫರ್, ಬಟ್ಟೆಯ ಗುಮ್ಮಟದ ಟ್ವೀಟರ್, ಗಾಳಿಯ ತೂತು ಮುಂಭಾಗದಲ್ಲಿ, ಜೊತೆಗೊಂದು ಸಾದಾ ಆಂಪ್ಲಿಫೈಯರ್. ಸಣ್ಣ ಪೆಟ್ಟಿಗೆಯಿಂದ ಮನುಷ್ಯ ಕಂಠ ಚೆನ್ನಾಗಿ ಬರುವುದು ಹೊಸ ಸಂಗತಿಯೇನಲ್ಲ. 1970ರ ದಶಕದಲ್ಲಿ ಬಿಬಿಸಿ ತನ್ನ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ರೂಪಿಸಿದ ಎಲ್‌ಎಸ್3/5ಎ ಒಂದಡಿ ಎತ್ತರದ್ದು. ಅದರ ಮಾದರಿಯನ್ನು ಇಂದಿಗೂ ತಯಾರಿಸುತ್ತಾರೆ. ನನ್ನ ಜೋಡಿಯಲ್ಲಿ ಮಾನಿಟರಿನಷ್ಟು ಸೂಕ್ಷ್ಮ ಇಲ್ಲ, ಒಪ್ಪುತ್ತೇನೆ. ಆದರೆ ಗಂಗೂಬಾಯಿಯವರ ದನಿಯ ಆ ಭಾರ, ಆ ಗಡಸು ಇದರಲ್ಲಿ ಬಂದ ಹಾಗೆ ಬೇರೆ ಯಾವುದರಲ್ಲೂ ಬರಲಿಲ್ಲ. ಮಾನಿಟರಿನಲ್ಲಿ ಅದು ಒಣಗಿದಂತಿತ್ತು, ಟವರಿನಲ್ಲಿ ಉಬ್ಬಿದಂತೆ.

ವ್ಯಾಟಿನ ಹಿಂದೆ ಬೀಳಬೇಡಿ. 87 ಡೆಸಿಬೆಲ್ ಸಂವೇದನೆಯ ಸ್ಪೀಕರ್ ಒಂದೇ ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಸದ್ದು ಕೊಡುತ್ತದೆ. ವ್ಯಾಟ್ ಇಮ್ಮಡಿ ಮಾಡಿದರೆ ಏರುವುದು ಮೂರೇ ಡೆಸಿಬೆಲ್. ಆ ದುಡ್ಡನ್ನು ಕೋಣೆಗೆ ಹಾಕಿ. ಶಹಾಬಾದ ಕಲ್ಲಿನ ನೆಲಕ್ಕೆ ನವಲಗುಂದದ ಜಮಖಾನೆ ಹಾಸಿ, ಎದುರು ಗೋಡೆಗೆ ಅವ್ವನ ಹಳೆಯ ದಪ್ಪ ಕೌದಿ ತೂಗುಹಾಕಿದ ಮೇಲೆ ತಾನಿನ ಅಂಚುಗಳು ಚೊಕ್ಕಾದವು. ತಳದ ಮೊಳಗಿಗೆ ಮಾತ್ರ ಕೌದಿ ಏನೂ ಮಾಡುವುದಿಲ್ಲ. ಶೋಕೇಸಿನ ತಲೆಯ ಮೇಲೆ ಸ್ಪೀಕರ್ ಇಡುವ ರೂಢಿಯೂ ಬಿಡಬೇಕು: ಟ್ವೀಟರ್ ಕಿವಿಯ ಮಟ್ಟಕ್ಕಿರಲಿ. ನಾವು ನೆಲದ ಮೇಲೆ ಕೂತು ಕೇಳುವವರು, ಒಂದೂವರೆ ಅಡಿ ಸ್ಟೂಲು ಸಾಕಾಯಿತು.

ಖರ್ಚಿನಲ್ಲಿ ಮಾನಿಟರಿಗೇ ಗೆಲುವು, ಆಂಪ್ಲಿಫೈಯರ್ ಬೇರೆ ಕೊಳ್ಳಬೇಕಿಲ್ಲ. ಬುಕ್‌ಶೆಲ್ಫ್ ತರುವವರು ತಂತಿ ಜೋಡಿಸಿದ ಮೇಲೆ ಒಂದು ಮೊನೊ ಹಾಡು ಹಾಕಲಿ. ಕಂಠ ಎರಡು ಪೆಟ್ಟಿಗೆಗಳ ನಟ್ಟನಡುವೆ ನಿಲ್ಲಬೇಕು. ಎಲ್ಲೆಲ್ಲೋ ಹರಡಿ ತೇಲುತ್ತಿದ್ದರೆ ಒಂದು ಸ್ಪೀಕರಿನ ಕೆಂಪು–ಕಪ್ಪು ತಂತಿ ಅದಲುಬದಲಾಗಿದೆ, ತಿರುಗಿಸಿ ಹಾಕಿ.